ಸೂರು ಕೊಟ್ಟವರ ಕೈಯಲ್ಲಿ ಕಾಗದ ಇರಬಾರದು

ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯದೊಂದು ಹಾಸ್ಟೆಲ್ ಇತ್ತು. ಬಡವರ ಮಕ್ಕಳು ಉಳಿದು ಓದಲೆಂದು ಕಟ್ಟಿಸಿದ ಕಟ್ಟಡ ಅದು. ಕಾಂಪೌಂಡಿಗೆ ಮುಳ್ಳುತಂತಿ ಸುತ್ತಿ, 2019ರ ಕೊನೆಯ ಹೊತ್ತಿಗೆ ಅದನ್ನೇ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರವಾಗಿ ಸಜ್ಜು ಮಾಡಲಾಯಿತು. ವೀಸಾ ಮುಗಿದವರು, ಪಾಸ್‌ಪೋರ್ಟ್ ಇಲ್ಲದೆ ಸಿಕ್ಕಿಬಿದ್ದವರು, ಕೋರ್ಟು ಕೊಟ್ಟ ಶಿಕ್ಷೆ ಮುಗಿಸಿಯೂ ಊರಿಗೆ ಹೋಗಲಾಗದವರು ಗಡಿಪಾರಿಗೆ ಕಾಯುತ್ತ ಇರಬೇಕಾದ ಜಾಗ ಅದು. ಹಳೆಯ 1946ರ ಕಾಯ್ದೆಯ ಬದಲಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅದರಡಿ ಹೊರಡಿಸಿದ ಆದೇಶದ ಪ್ರಕಾರ ರಾಜ್ಯಗಳೆಲ್ಲ ಇಂಥ ಕೇಂದ್ರಗಳನ್ನು ಮಾಡಿಕೊಳ್ಳಬೇಕು. ಹಾಗಾಗಿ ಬೇರೆ ದೇಶಗಳಲ್ಲಿ ವರ್ಷಗಳಿಂದ ನಡೆದಿರುವ ಒಂದು ಚರ್ಚೆ ಈಗ ನಮ್ಮಲ್ಲೂ ಆಗಬೇಕಿದೆ. ಯಾವ ಅಪರಾಧವೂ ಬಾಕಿಯಿಲ್ಲದ ನಿರಾಶ್ರಿತರನ್ನು ಗೋಡೆಯೊಳಗೆ ಕೂಡಿಹಾಕುವ ಬದಲು ಊರಿನ ಮನೆಗಳಲ್ಲಿ ಇರಿಸಿಕೊಳ್ಳಬಹುದೇ?

ಶಿವಮೊಗ್ಗದ ಕಡೆ ಈ ಮಾತು ತೆಗೆದರೆ ಎರಡೇ ಉತ್ತರ ಸಿಗುತ್ತವೆ. "ಪಾಪ, ಇದ್ದುಕೊಳ್ಳಲಿ ಬಿಡಿ, ಒಂದು ತುತ್ತು ಅನ್ನಕ್ಕೇನು" ಎನ್ನುವುದು ಒಂದು. "ಹಾಗಾದರೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ" ಎನ್ನುವುದು ಇನ್ನೊಂದು. ಎರಡೂ ಮನೆಯವರ ಮನಸ್ಸು ದೊಡ್ಡದೋ ಸಣ್ಣದೋ ಎಂಬಲ್ಲಿಗೇ ಬಂದು ನಿಲ್ಲುತ್ತವೆ. ನನ್ನ ಮಟ್ಟಿಗೆ ಮನಸ್ಸಿನ ಅಳತೆ ಇಲ್ಲಿ ದೊಡ್ಡ ವಿಷಯವೇ ಅಲ್ಲ. ಆ ಮನುಷ್ಯನಿಗೆ ಸೂರು ಕೊಡುವವರು ಯಾರು, ದುಡಿಮೆ ಕೊಡುವವರು ಯಾರು, ಅವನ ಕಾಗದಪತ್ರ ಯಾರ ಕೈಯಲ್ಲಿದೆ, ಇವು ಮೂರೂ ಒಂದೇ ಕೈಗೆ ಸೇರಿವೆಯೇ ಎಂಬುದನ್ನು ಮೊದಲು ಕೇಳಬೇಕು. ಮಲೆನಾಡಿನ ನಾವು ಇದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆವು. ಏಕೆಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಾನೂನಿನ ಕಡೆ ನೋಡೋಣ.

ಜೈಲುಶಿಕ್ಷೆಗೆ ಬಿಡುಗಡೆಯ ದಿನಾಂಕ ಇರುತ್ತದೆ. ಗಡಿಪಾರಿಗೆಂದು ಇರಿಸಿಕೊಂಡವರಿಗೆ ಅದಿಲ್ಲ. ವಾಪಸ್ ಕಳಿಸಬೇಕಾದರೆ ಆಚೆಯ ದೇಶ "ಹೌದು, ಇವರು ನಮ್ಮವರು" ಎಂದು ಒಪ್ಪಿ ಪ್ರಯಾಣದ ದಾಖಲೆ ಕೊಡಬೇಕು. ರಾಯಭಾರ ಕಚೇರಿಗೆ ಬರೆದ ಪತ್ರಕ್ಕೆ ಉತ್ತರವೇ ಬಾರದಿದ್ದರೆ ಕಾಯುವುದು ಮುಗಿಯುವುದಿಲ್ಲ. ರೋಹಿಂಗ್ಯಾಗಳ ವಿಷಯದಲ್ಲಿ ಮ್ಯಾನ್ಮಾರ್ 1982ರ ಪೌರತ್ವ ಕಾನೂನಿನಿಂದಲೇ ಅವರನ್ನು ಹೊರಗಿಟ್ಟಿದೆ; ಇಲ್ಲಿಂದ ಕಳಿಸಿದರೂ ಬರಮಾಡಿಕೊಳ್ಳುವವರಿಲ್ಲ. ಶಿಕ್ಷೆ ಮುಗಿಸಿದ ವಿದೇಶಿಯರನ್ನು ಜೈಲಿನಲ್ಲೇ ಇಟ್ಟುಕೊಂಡಿದ್ದ ಬಗ್ಗೆ ಸುಪ್ರೀಂ ಕೋರ್ಟ್ 2012ರಲ್ಲಿ ಭೀಮ್ ಸಿಂಗ್ ಪ್ರಕರಣದಲ್ಲಿ ಕಟುವಾಗಿ ಮಾತಾಡಿ, ಅವರನ್ನು ಜೈಲಿನಿಂದ ಹೊರತಂದು ಬೇರೆ ಕಡೆ ಇರಿಸಿ ಎಂದಿತು. ಬಂಧನ ಕೇಂದ್ರಗಳು ಬೆಳೆದದ್ದಕ್ಕೆ ಅದೂ ಒಂದು ಕಾರಣ. ಜೈಲಿಗಿಂತ ಮೇಲಿನದೊಂದು ವ್ಯವಸ್ಥೆ ಬೇಕು ಎಂಬ ಒಳ್ಳೆಯ ಉದ್ದೇಶ ಕೊನೆಗೆ ಮತ್ತೊಂದು ಗೋಡೆ ಕಟ್ಟುವಲ್ಲಿಗೆ ಮುಗಿಯಿತು.

1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಅದರ ವಿಸ್ತರಣೆಗಾಗಲಿ ಭಾರತ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಕಾನೂನೂ ಇಲ್ಲ. ಆದರೆ ಸಂವಿಧಾನದ 14 ಮತ್ತು 21ನೇ ವಿಧಿಗಳು ನಾಗರಿಕರಿಗಷ್ಟೇ ಮೀಸಲಲ್ಲ, ಈ ನೆಲದ ಮೇಲಿರುವ ಯಾವುದೇ ವ್ಯಕ್ತಿಗೆ ಅನ್ವಯಿಸುತ್ತವೆ. ಚಕ್ಮಾ ನಿರಾಶ್ರಿತರ ವಿಷಯದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಅವರ ಜೀವ ಕಾಯುವ ಹೊಣೆ ಅರುಣಾಚಲ ಸರ್ಕಾರದ್ದು ಎಂದಿತು. ಹಾಗಂತ ಇಲ್ಲಿ ನೆಲೆಸುವ ಹಕ್ಕು ವಿದೇಶಿಯರಿಗಿಲ್ಲ. ಅದು 19ನೇ ವಿಧಿಯದು, ನಾಗರಿಕರಿಗೆ ಮಾತ್ರ. 2021ರಲ್ಲಿ ರೋಹಿಂಗ್ಯಾಗಳ ಅರ್ಜಿಯ ಮೇಲೆ ಕೋರ್ಟು ಹೇಳಿದ್ದೂ ಇಷ್ಟೇ: ಕ್ರಮಬದ್ಧವಾಗಿ ಗಡಿಪಾರು ಮಾಡಬಹುದು. 2025ರ ಮೇ ತಿಂಗಳಲ್ಲಿ ಶ್ರೀಲಂಕಾದ ತಮಿಳರೊಬ್ಬರ ಪ್ರಕರಣದಲ್ಲಿ, ಭಾರತವೇನು ಧರ್ಮಶಾಲೆಯೇ ಎಂಬರ್ಥದ ಮಾತು ನ್ಯಾಯಪೀಠದಿಂದ ಬಂದು ಸುದ್ದಿಯಾಯಿತು. ಆ ಮಾತು ನನಗೆ ನೋವು ತಂದಿತು. ಆದರೂ ಅದು ಉಳಿಯುವ ಹಕ್ಕಿನ ಬಗ್ಗೆ ಆಡಿದ ಮಾತು. ಕಳಿಸುವವರೆಗೆ ಎಲ್ಲಿ, ಹೇಗೆ ಇರಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಆ ಪ್ರಶ್ನೆಗೆ ಸರ್ಕಾರದ ಕಡತಗಳಲ್ಲೇ ಅರ್ಧ ಉತ್ತರ ಇದೆ. ನಿರಾಶ್ರಿತರೆಂದು ಹೇಳಿಕೊಳ್ಳುವವರ ಬಗ್ಗೆ ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರಿನಲ್ಲಿ ಒಂದು ಕಾರ್ಯವಿಧಾನ ಹೊರಡಿಸಿತು. ಅವರ ಮಾತಿನಲ್ಲಿ ಹುರುಳಿದೆ ಎಂದು ಕಂಡರೆ ದೀರ್ಘಾವಧಿ ವೀಸಾ ಕೊಡಬಹುದು. ಅದಕ್ಕೆ ಅರ್ಹರಲ್ಲದವರನ್ನು ಆರು ತಿಂಗಳಲ್ಲಿ ವಾಪಸ್ ಕಳಿಸಲಾಗದಿದ್ದರೆ ಬೆರಳಚ್ಚು ತೆಗೆದುಕೊಂಡು, ಸ್ಥಳೀಯರ ಜಾಮೀನು ಮತ್ತು ತಿಂಗಳಿಗೊಮ್ಮೆ ಠಾಣೆ ಹಾಜರಿಯ ಷರತ್ತಿನ ಮೇಲೆ ಬಿಡಬಹುದು. ಅಸ್ಸಾಮಿನ ಬಂಧನ ಶಿಬಿರಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ, ಮೂರು ವರ್ಷ ಕಳೆದವರನ್ನು ಒಂದೊಂದು ಲಕ್ಷದ ಎರಡು ಜಾಮೀನು, ಪರಿಶೀಲಿಸಿ ನೋಡಬಹುದಾದ ವಿಳಾಸ, ವಾರಕ್ಕೊಮ್ಮೆ ಠಾಣೆ ಹಾಜರಿಯ ಮೇಲೆ ಬಿಡಿ ಎಂದಿತು. ಒಂದೊಂದು ಲಕ್ಷ ತರುವವರು ಯಾರು? ಕೋವಿಡ್ ಬಂದಾಗ, 2020ರ ಏಪ್ರಿಲಿನಲ್ಲಿ, ಅದೇ ಕೋರ್ಟು ಅವಧಿಯನ್ನು ಎರಡು ವರ್ಷಕ್ಕೂ ಮುಚ್ಚಳಿಕೆಯ ಮೊತ್ತವನ್ನು 5,000 ರೂಪಾಯಿಗೂ ಇಳಿಸಿತು. ಬಹಳ ಜನ ಹೊರಬಂದರು.

ಅಂದರೆ ಬಾಗಿಲು ಇದೆ. ಆ ಬಾಗಿಲು ಎರಡು ವಸ್ತು ಕೇಳುತ್ತದೆ: ಒಂದು ವಿಳಾಸ, ಒಬ್ಬ ಜಾಮೀನುದಾರ. ಪರದೇಶಿಗೆ ಇಲ್ಲದ ಎರಡು ವಸ್ತುಗಳೂ ಅವೇ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಶ್ಯೂರಿಟಿಗೆ ನಿಂತವರಿಗೆ ಇದರ ಕಷ್ಟ ಗೊತ್ತು. ಪಹಣಿ ತರಬೇಕು, ಆಧಾರ್ ತರಬೇಕು, ಸಾಲದ ಬೋಜಾ ಇದೆಯೇ ಎಂದು ನೋಡುತ್ತಾರೆ. ಬಗರ್‌ಹುಕುಂ ಜಮೀನು ಉಳುತ್ತಿರುವವನಿಗೆ ಸ್ವಂತ ತಮ್ಮನಿಗೂ ಜಾಮೀನು ನಿಲ್ಲಲಾಗುವುದಿಲ್ಲ. ಹೀಗಿರುವಾಗ ಭಾಷೆ ಗೊತ್ತಿಲ್ಲದ ಊರಿನಲ್ಲಿ ಒಬ್ಬ ಸೊಮಾಲಿ ಅಥವಾ ಆಫ್ಘನ್ ಯುವಕನಿಗೆ ಯಾರು ಪಹಣಿ ಹಿಡಿದು ಬರುತ್ತಾರೆ? ಮನೆಗಳಲ್ಲಿ ಆಶ್ರಯ ಕೊಡುವ ಮಾತು ಇಲ್ಲಿಂದ ಶುರುವಾಗಬೇಕು.

ಬೇರೆ ದೇಶಗಳ ಅನುಭವದಲ್ಲಿ ಮೊದಲು ಒಂದು ಭಯ ದೂರವಾಗುತ್ತದೆ: ಹೊರಗೆ ಬಿಟ್ಟರೆ ಓಡಿಹೋಗುತ್ತಾರೆ ಎಂಬುದು. ಅಮೆರಿಕದಲ್ಲಿ 2016ರಿಂದ 2017ರ ಮಧ್ಯದವರೆಗೆ ಐದು ನಗರಗಳಲ್ಲಿ ಆಶ್ರಯ ಕೋರಿದ ಕುಟುಂಬಗಳನ್ನು ಬಂಧಿಸದೆ, ಪ್ರತಿ ಕುಟುಂಬಕ್ಕೂ ಒಬ್ಬ ಸಮಾಜ ಕಾರ್ಯಕರ್ತರನ್ನು ಜೋಡಿಸುವ ಯೋಜನೆ ನಡೆಯಿತು. ಅಧಿಕಾರಿಗಳ ಭೇಟಿ ಮತ್ತು ಕೋರ್ಟು ಹಾಜರಿ ಶೇ 99ರಷ್ಟಿತ್ತು. ಒಂದು ಇಡೀ ಕುಟುಂಬಕ್ಕೆ ದಿನಕ್ಕೆ 40 ಡಾಲರಿಗಿಂತ ಕಡಿಮೆ ಖರ್ಚು. ಕುಟುಂಬಗಳ ಬಂಧನ ಕೇಂದ್ರದಲ್ಲಿ ಒಬ್ಬರಿಗೇ 200 ಡಾಲರಿಗಿಂತ ಹೆಚ್ಚು. ಆಮೇಲೆ ಬಂದ ಸರ್ಕಾರ ಅದನ್ನು ನಿಲ್ಲಿಸಿತು. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ 2019ರಿಂದ ಎರಡು ವರ್ಷ, ಬಂಧನದಲ್ಲಿದ್ದ ಕೆಲವು ಮಹಿಳೆಯರನ್ನು ಊರಿನ ಮನೆಗಳಲ್ಲಿರಿಸಿ ವಕೀಲರ ನೆರವು ಕೊಟ್ಟು ನೋಡಿದರು. ಬಂಧನದ ಖರ್ಚಿನ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಆಯಿತು, ಆ ಹೆಂಗಸರ ಆರೋಗ್ಯವೂ ಸುಧಾರಿಸಿತು. ತನ್ನ ಅರ್ಜಿ ಎಲ್ಲಿದೆ, ಮುಂದಿನ ತಾರೀಖು ಯಾವುದು ಎಂದು ತಿಳಿಸಿ ಹೇಳುವ ಒಬ್ಬರಿದ್ದರೆ ಮನುಷ್ಯ ಓಡುವುದಿಲ್ಲ. ಓಡಿ ಹೋಗುವುದಾದರೂ ಎಲ್ಲಿಗೆ?

ಆದರೆ ಬರೀ ಹೊರಗೆ ಬಿಡುವುದು ಬೇರೆ, ಒಂದು ಸಂಸಾರದ ನಡುವೆ ಇರಿಸುವುದು ಬೇರೆ. ಆಸ್ಟ್ರೇಲಿಯಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅನುಮತಿಯಿಲ್ಲದೆ ಬಂದ ಎಲ್ಲರನ್ನೂ ಬಂಧಿಸಲೇಬೇಕೆಂದು 1992ರಲ್ಲೇ ಕಾನೂನು ಮಾಡಿದ ದೇಶ ಅದು. ದೋಣಿಯಲ್ಲಿ ಬಂದವರಿಂದ ಕೇಂದ್ರಗಳು ತುಂಬಿದಾಗ, 2012ರಲ್ಲಿ ಸರ್ಕಾರ ಕೆಲವರಿಗೆ ತಾತ್ಕಾಲಿಕ ವೀಸಾ ಕೊಟ್ಟು ಹೊರಬಿಟ್ಟಿತು. ವಿದೇಶಿ ವಿದ್ಯಾರ್ಥಿಗಳನ್ನು ಮನೆಗಳಲ್ಲಿ ಇರಿಸುತ್ತಿದ್ದ ಒಂದು ಸಂಸ್ಥೆಗೆ ಇವರನ್ನೂ ಆರು ವಾರಗಳ ಮಟ್ಟಿಗೆ ಮನೆಗಳಲ್ಲಿ ಇರಿಸುವ ಕೆಲಸ ವಹಿಸಿತು. ಮನೆಯವರು ಮುಂದೆ ಬಂದರು, ಕೋಣೆ ಕೊಟ್ಟರು, ಬಸ್ಸು ಹತ್ತುವುದನ್ನು ಕಲಿಸಿದರು. ಎಡವಟ್ಟು ಆದದ್ದು ಆರು ವಾರಗಳ ಆಚೆ. 2012ರ ಆಗಸ್ಟ್ 13ರ ನಂತರ ದೋಣಿಯಲ್ಲಿ ಬಂದವರಿಗೆ ಕೊಟ್ಟ ತಾತ್ಕಾಲಿಕ ವೀಸಾದಲ್ಲಿ ದುಡಿಯುವ ಅನುಮತಿಯನ್ನೇ ಸರ್ಕಾರ ಕೊಡಲಿಲ್ಲ. ಮನೆ ಬಿಟ್ಟು ಬಾಡಿಗೆ ಕೋಣೆ ಹಿಡಿಯಲು ಹಣ ಬೇಕು, ಹಣ ಸಂಪಾದಿಸಿದರೆ ಕಾನೂನುಭಂಗ. ಎಷ್ಟೇ ಒಳ್ಳೆಯ ಮನೆಯವರಿಗೂ ಇದಕ್ಕೆ ಪರಿಹಾರ ಇರಲಿಲ್ಲ. ಕಳಿಸುವ ಸಾಧ್ಯತೆಯೇ ಇಲ್ಲದವರನ್ನು ಅನಿರ್ದಿಷ್ಟವಾಗಿ ಬಂಧಿಸಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹೇಳಲು 2023ರ ನವೆಂಬರ್ ಬರಬೇಕಾಯಿತು.

ಕೆನಡಾ ಇದರ ತದ್ವಿರುದ್ಧ. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಜನ ದೋಣಿ ಹತ್ತಿಯೋ ಗಡಿ ದಾಟಿಯೋ ಓಡಿಬಂದಾಗ, 1979–80ರಲ್ಲಿ ಕೆನಡಾ ಸುಮಾರು 60,000 ಜನರನ್ನು ಕರೆಸಿಕೊಂಡಿತು. ಅರ್ಧಕ್ಕಿಂತ ಹೆಚ್ಚಿನವರ ಹೊಣೆ ಹೊತ್ತದ್ದು ಸರ್ಕಾರವಲ್ಲ, ಚರ್ಚುಗಳು ಮತ್ತು ಐದೈದು ಜನ ಸೇರಿಕೊಂಡ ನೆರೆಹೊರೆಯವರ ಗುಂಪುಗಳು. ಒಂದು ವರ್ಷದ ಮನೆ, ಊಟ, ಬಟ್ಟೆಯ ಖರ್ಚು ಅವರದು. ಈ ಕೆಲಸಕ್ಕಾಗಿ 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಇಡೀ ಕೆನಡಾದ ಜನತೆಗೆ ಸಂದಿತು. ಇಲ್ಲಿ ಗಮನಿಸಬೇಕಾದ ಸಂಗತಿ: ಬಂದವರಿಗೆ ಕಾಯಂ ವಾಸದ ಹಕ್ಕು ಮೊದಲೇ ಸಿಕ್ಕಿತ್ತು. ಮನೆಯವರ ಜೊತೆ ಜಗಳವಾದರೂ ಆ ಹಕ್ಕಿಗೆ ಚ್ಯುತಿ ಇರಲಿಲ್ಲ. ಕೊಟ್ಟವರಿಗೆ ಹೆದರಿಸಲು ಏನೂ ಉಳಿಯದಂತೆ ಕಾನೂನು ನೋಡಿಕೊಂಡಿತ್ತು.

2022ರ ಮಾರ್ಚಿನಲ್ಲಿ ಬ್ರಿಟನ್ ಉಕ್ರೇನಿನವರಿಗೆ ಮಾಡಿದ ಯೋಜನೆ ಬಂಧನಕ್ಕೆ ಬದಲಾಗಿ ಮಾಡಿದ್ದಲ್ಲ. ಆದರೂ ಮನೆಗಳಲ್ಲಿ ಆಶ್ರಯ ಕೊಡುವುದರ ಒಳಹೊರಗು ತಿಳಿಯಲು ಅದಕ್ಕಿಂತ ದೊಡ್ಡ ಪ್ರಯೋಗ ಈಚೆಗೆ ನಡೆದಿಲ್ಲ. ಕನಿಷ್ಠ ಆರು ತಿಂಗಳು ಇರಿಸಿಕೊಳ್ಳಲು ಒಪ್ಪಿದ ಮನೆಗೆ ತಿಂಗಳಿಗೆ 350 ಪೌಂಡ್ ಕೃತಜ್ಞತೆಯ ಹಣ, ಬಾಡಿಗೆ ಕೇಳುವ ಹಾಗಿಲ್ಲ. ಸ್ಥಳೀಯ ಕೌನ್ಸಿಲ್ ಮನೆ ನೋಡಿ, ಮನೆಯವರ ಪೂರ್ವಾಪರ ಪರಿಶೀಲಿಸಬೇಕು. ಬಂದವರಿಗೆ ಮೊದಲ ದಿನದಿಂದ ದುಡಿಯುವ ಹಕ್ಕು. ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದರು. ತೊಂದರೆಗಳು ಬೇಗ ಕಂಡವು. ಒಂಟಿ ಹೆಂಗಸರನ್ನು ಒಂಟಿ ಗಂಡಸರ ಮನೆಗೆ ಜೋಡಿಸುತ್ತಿದ್ದುದನ್ನು ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮೊದಲ ತಿಂಗಳಲ್ಲೇ ಕೇಳಬೇಕಾಯಿತು. ಆರು ತಿಂಗಳಾದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆಗೆ ಬಾಡಿಗೆ ದುಬಾರಿಯಾದ ಊರುಗಳಲ್ಲಿ ಉತ್ತರ ಇರಲಿಲ್ಲ. ಒಂದು ವರ್ಷ ದಾಟಿದ ಮನೆಗಳಿಗೆ ಹಣವನ್ನು 500 ಪೌಂಡಿಗೆ ಏರಿಸಿ, 2025ರಲ್ಲಿ ಮತ್ತೆ 350ಕ್ಕೆ ತಂದರು. ಆದರೆ ಮನೆ ಬದಲಾದರೆ ವೀಸಾ ಹೋಗುವುದಿಲ್ಲ ಎಂಬ ಒಂದು ನಿಯಮ ಎಷ್ಟೋ ಜನರನ್ನು ಕಾಪಾಡಿತು.

ಇವೆಲ್ಲ ಶ್ರೀಮಂತ ದೇಶಗಳ ಮಾತು, ನಮಗೆ ಹೊಂದುವುದಿಲ್ಲ ಎನ್ನುವವರು 1971 ನೆನಪಿಸಿಕೊಳ್ಳಬೇಕು. ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು. ಸುಮಾರು 68 ಲಕ್ಷ ಜನ ಶಿಬಿರಗಳಲ್ಲಿದ್ದರೆ, 30 ಲಕ್ಷಕ್ಕೂ ಹೆಚ್ಚು ಜನ ಇದ್ದದ್ದು ಗಡಿನಾಡಿನ ನೆಂಟರಿಷ್ಟರ, ಪರಿಚಯದವರ ಮನೆಗಳಲ್ಲಿ. ಅದರ ಖರ್ಚಿಗೆಂದು ಆ ನವೆಂಬರಿನಿಂದ ದೇಶದ ಅಂಚೆಗೆ ಐದು ಪೈಸೆಯ ಹೆಚ್ಚುವರಿ ಸ್ಟ್ಯಾಂಪು ಹಚ್ಚಬೇಕಾಯಿತು. ತೀರ್ಥಹಳ್ಳಿಯಿಂದ ಮಗಳ ಮನೆಗೆ ಪತ್ರ ಬರೆದ ತಾಯಿಯೂ ಆ ಐದು ಪೈಸೆ ಕೊಟ್ಟಿದ್ದಾಳೆ. ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಮಿಜೋರಾಂ ಇದೆ. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ 30,000ಕ್ಕೂ ಹೆಚ್ಚು ಚಿನ್ ಜನ ಗಡಿ ದಾಟಿ ಬಂದರು. ವಾಪಸ್ ಕಳಿಸಿ ಎಂದು ಕೇಂದ್ರ ಹೇಳಿದಾಗ ಆಗಿನ ಮುಖ್ಯಮಂತ್ರಿ ಜೋರಾಮ್‌ಥಂಗಾ ಅದು ತಮ್ಮಿಂದಾಗದು ಎಂದು ಪ್ರಧಾನಿಗೇ ಬರೆದರು. ಚರ್ಚು, ಊರಿನ ಯುವಕ ಸಂಘ, ಬಂಧುಗಳ ಮನೆಗಳು ಅವರನ್ನು ಒಳಕರೆದುಕೊಂಡವು. ರಕ್ತಸಂಬಂಧ ಅಲ್ಲಿ ದೊಡ್ಡ ಬಲ. ಶಿವಮೊಗ್ಗೆಗೂ ಸುಡಾನಿಗೂ ಅಂಥ ಸಂಬಂಧವಿಲ್ಲ. ಹಾಗಾಗಿ ಇಲ್ಲಿ ನಿಯಮದ ಆಧಾರ ಇನ್ನೂ ಗಟ್ಟಿಯಾಗಿರಬೇಕು. ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕದ ಥಾಯ್ಲೆಂಡ್ ಕೂಡ 2019ರ ಜನವರಿಯಲ್ಲಿ ತನ್ನ ಇಲಾಖೆಗಳ ನಡುವೆ ಒಪ್ಪಂದ ಮಾಡಿಸಿ, ಮಕ್ಕಳನ್ನು ವಲಸೆ ಬಂಧನದಲ್ಲಿಡಬಾರದೆಂದು ತೀರ್ಮಾನಿಸಿತು.

ಕರ್ನಾಟಕ ಟಿಬೆಟಿನವರಿಗೆ ನೆಲ ಕೊಟ್ಟದ್ದು ಎಲ್ಲರಿಗೂ ಗೊತ್ತು. ಬೈಲುಕುಪ್ಪೆ, ಆಮೇಲೆ 1966ರಲ್ಲಿ ನಮ್ಮ ಮಗ್ಗುಲಿನ ಮುಂಡಗೋಡು. ಅದು ಮನೆಗಳಲ್ಲಿ ಆಶ್ರಯ ಕೊಟ್ಟದ್ದಲ್ಲ, ಪ್ರತ್ಯೇಕ ಊರನ್ನೇ ಕಟ್ಟಿಕೊಟ್ಟದ್ದು. ಆದರೆ ಅವರ ಕೈಗೆ ನೋಂದಣಿ ಪತ್ರವೊಂದನ್ನು ಕೊಟ್ಟರು. ಅದು ಇದ್ದುದರಿಂದ ಮುಂಡಗೋಡಿನ ಟಿಬೆಟಿಯನ್ನರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿ ಬರಲು ಯಾರ ಹಂಗೂ ಬೇಕಾಗಲಿಲ್ಲ.

ಆಶ್ರಯ ಎಂದ ಕೂಡಲೇ ನಮ್ಮ ಜಿಲ್ಲೆಯ ಭಾಷಣಗಳಲ್ಲಿ ಕೆಳದಿಯ ಚೆನ್ನಮ್ಮ ಬರುತ್ತಾಳೆ. ಔರಂಗಜೇಬನ ಸೈನ್ಯಕ್ಕೆ ಸಿಗದೆ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರ ಸುಮಾರಿಗೆ ಅವಳು ಆಶ್ರಯ ಕೊಟ್ಟಳು, ಜಿಂಜಿಯ ಕಡೆಗೆ ಸುರಕ್ಷಿತವಾಗಿ ದಾಟಿಸಿದಳು, ಅದಕ್ಕಾಗಿ ಮೊಗಲರ ದಂಡನ್ನು ಎದುರಿಸಿದಳು. ಹೆಮ್ಮೆಪಡುವ ಸಂಗತಿಯೇ. ಆ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ತೀರ್ಮಾನ ಸಂಸ್ಥಾನದ್ದಾಗಿತ್ತು ಎಂಬುದು. ಬಿದನೂರಿನ ಯಾವುದೋ ಒಂದು ಮನೆಯವರ ತಲೆಯ ಮೇಲೆ ಆ ಅಪಾಯವನ್ನು ಹೊರಿಸಿ ಅರಮನೆ ಸುಮ್ಮನಿರಲಿಲ್ಲ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ಹೊರಗಿನವರನ್ನು ಮನೆಯಲ್ಲಿ ಇರಿಸಿಕೊಳ್ಳುವುದು ಮಲೆನಾಡಿಗೆ ಹೊಸದಲ್ಲ, ಕಾನೂನುಬದ್ಧವಾಗಿ ಇರಿಸಿಕೊಳ್ಳುವುದೂ ಹೊಸದಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹೋಂಸ್ಟೇ ನಡೆಸುವವರನ್ನು ಕೇಳಿ. ವಿದೇಶಿ ಪ್ರವಾಸಿ ಬಂದಿಳಿದರೆ 24 ಗಂಟೆಯೊಳಗೆ ಅವರ ವಿವರದ ಅರ್ಜಿ (ಹಿಂದಿನ ಸಿ ಫಾರಂ) ತುಂಬಬೇಕು: ಪಾಸ್‌ಪೋರ್ಟ್ ನಂಬರು, ವೀಸಾ ನಂಬರು, ಫೋಟೊ, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ. ಮನೆಯಲ್ಲಿ ಸ್ನೇಹಿತರನ್ನು ಇರಿಸಿಕೊಂಡರೂ ತಪ್ಪದು. ಆಗುಂಬೆ ಕಡೆಯ ಮಳೆಯಲ್ಲಿ ಕರೆಂಟು ಹೋಗಿ ಟವರ್ ಸತ್ತಾಗ, ಅತಿಥಿಯ ಪಾಸ್‌ಪೋರ್ಟಿನ ಫೋಟೊ ಮೊಬೈಲಿನಲ್ಲಿಟ್ಟುಕೊಂಡು ಸಿಗ್ನಲ್ ಸಿಗುವ ತಿರುವಿನವರೆಗೆ ಬೈಕಿನಲ್ಲಿ ಹೋಗಿ, ಹೊದ್ದ ಪ್ಲಾಸ್ಟಿಕ್ ಕೊಪ್ಪೆಯೊಳಗೇ ಫೋನು ಹಿಡಿದು ಅರ್ಜಿ ಕಳಿಸಿ ಬರುವ ಹುಡುಗರಿದ್ದಾರೆ. ವಿದೇಶಿಯ ಲೆಕ್ಕವನ್ನು ಸರ್ಕಾರಕ್ಕೆ ಒಪ್ಪಿಸುವ ಶಿಸ್ತು ಈ ಮನೆಗಳಿಗೆ ರೂಢಿಯಾಗಿದೆ. ಭದ್ರತೆಯ ಹೆಸರಿನಲ್ಲಿ ಎತ್ತುವ ಆಕ್ಷೇಪಗಳಲ್ಲಿ ಅರ್ಧಕ್ಕೆ ಉತ್ತರ ಇಲ್ಲೇ ಸಿಗುತ್ತದೆ. ಎಲ್ಲಿದ್ದಾರೆಂದು ಗೊತ್ತಿರುವ, ಬೆರಳಚ್ಚು ಕೊಟ್ಟ, ವಾರಕ್ಕೊಮ್ಮೆ ಠಾಣೆಗೆ ಬರುವ ಮನುಷ್ಯನ ಬಗ್ಗೆ ಪೊಲೀಸರಿಗೆ ಇರುವ ತಿಳಿವು, ಯಾವ ದಾಖಲೆಯಲ್ಲೂ ಇಲ್ಲದೆ ತೋಟದಿಂದ ತೋಟಕ್ಕೆ ಅಲೆಯುವವನ ಬಗ್ಗೆ ಇರಲಾರದು.

ಆ ತೋಟಗಳದ್ದೇ ಇನ್ನೊಂದು ಮುಖ. ಕೊಪ್ಪ, ಶೃಂಗೇರಿ, ಚಿಕ್ಕಮಗಳೂರಿನ ಕಾಫಿ ಎಸ್ಟೇಟುಗಳಲ್ಲಿ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಈಗ ಅಸ್ಸಾಮಿನವರಿಲ್ಲದೆ ಕೆಲಸ ಸಾಗುವುದಿಲ್ಲ. ಅವರು ನಿರಾಶ್ರಿತರಲ್ಲ, ಈ ದೇಶದ ನಾಗರಿಕರು. ಆದರೂ ಬಂಗಾಳಿ ಮಾತಾಡಿದ ತಪ್ಪಿಗೆ "ಬಾಂಗ್ಲಾದವರಿರಬಹುದು" ಎಂಬ ಮಾತು ಅವರ ಹಿಂದೆಯೇ ಬರುತ್ತದೆ. ಕೊಪ್ಪದ ಆಚೆಯ ಒಂದು ತೋಟಕ್ಕೆ ಕಾಫಿ ಕೊಯ್ಲಿನ ಸಮಯದಲ್ಲಿ ಹೋಗಿದ್ದಾಗ ಪೊಲೀಸರು ದಾಖಲೆ ನೋಡಲು ಬಂದಿದ್ದರು. ತೋಟದ ಯಜಮಾನರು ಒಳಗಿನ ಗಾಡ್ರೆಜ್ ಬೀರು ತೆಗೆದು, ರಬ್ಬರ್ ಬ್ಯಾಂಡ್ ಹಾಕಿದ ಆಧಾರ್ ಕಾರ್ಡುಗಳ ಕಟ್ಟನ್ನು ಜಗಲಿಯ ಮೇಲೆ ಇಟ್ಟರು. ಲೈನ್ ಮನೆಯಿಂದ ಒಬ್ಬೊಬ್ಬರನ್ನೇ ಕರೆದು ಮುಖ ನೋಡಿ ಕಾರ್ಡು ನೋಡಿದರು. ಒಂದು ಹೆಣ್ಣುಮಗಳು ತನ್ನ ಕಾರ್ಡನ್ನು ಪೊಲೀಸರಿಂದ ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಒಂದು ಕ್ಷಣ ತಿರುಗಿಸಿ ನೋಡಿ, ವಾಪಸ್ ಯಜಮಾನರ ಕೈಗೇ ಕೊಟ್ಟಳು. ಅವರು ಕೆಟ್ಟವರಲ್ಲ. ಮಗುವಿಗೆ ಜ್ವರ ಬಂದರೆ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುವವರು. "ಕಳೆದುಕೊಳ್ಳುತ್ತಾರೆ ಸಾರ್, ಅದಕ್ಕೇ ನಾವೇ ಇಟ್ಟುಕೊಳ್ಳೋದು" ಎಂದರು. ಮುಂಗಡ ಪಡೆದವರು ಅರ್ಧಕ್ಕೆ ಬಿಟ್ಟುಹೋಗದಿರಲಿ ಎಂಬ ಕಾರಣವೂ ಅದರೊಳಗಿದೆ ಎಂಬುದು ಆ ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು.

ಸೂರು, ದುಡಿಮೆ, ಕಾಗದ ಮೂರೂ ಒಂದೇ ಬೀರುವಿನೊಳಗೆ ಸೇರಿದರೆ ಆಗುವುದು ಇದು. ಮತದಾನದ ಹಕ್ಕಿರುವ ನಾಗರಿಕರ ಪಾಡೇ ಹೀಗಿದ್ದರೆ, ಠಾಣೆಗೆ ಒಂದು ಫೋನು ಹೋದರೆ ಮತ್ತೆ ಬಂಧನ ಕೇಂದ್ರ ಸೇರಬೇಕಾದ ನಿರಾಶ್ರಿತನ ಪಾಡೇನು? ಕೊನೆ ಕೊಯ್ಯಲು ಆಳಿಲ್ಲ, ಅಡಿಕೆ ಸುಲಿಯಲು ಜನವಿಲ್ಲ ಎಂದು ಪರದಾಡುವ ನಮ್ಮ ಕಡೆ, "ಪಾಪ, ನಮ್ಮಲ್ಲೇ ಇರಲಿ, ತೋಟದ ಕೆಲಸ ಮಾಡಿಕೊಂಡು" ಎನ್ನುವವರು ಮೊದಲ ದಿನವೇ ಸಾಲುಗಟ್ಟುತ್ತಾರೆ. ಅವರ ಮರುಕ ನಿಜವೇ ಇರಬಹುದು. ಆದರೂ ಜಾಮೀನುದಾರನೇ ಧಣಿಯಾದರೆ ಕೂಲಿ ಕೇಳುವ ಬಾಯಿ ಬರುವುದಿಲ್ಲ. ಅಂಥ ಏರ್ಪಾಡಿನಲ್ಲಿ ಬಂಧನದ ಗೋಡೆ ಹೋಗಿ ತೋಟದ ಬೇಲಿ ಬರುತ್ತದೆ, ಕಾವಲಿನ ಖರ್ಚು ಸರ್ಕಾರಕ್ಕೆ ಉಳಿಯುತ್ತದೆ.

ಕಾಗದವಿಲ್ಲದ ಸೂರು ಎಂಥದೆಂದು ತಿಳಿಯಲು ನಾವು ವಿದೇಶಕ್ಕೆ ಹೋಗಬೇಕಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರನ್ನು ಸಾಮಾನು, ದನಕರುಗಳ ಸಮೇತ ಲಾರಿಯಲ್ಲಿ ತುಂಬಿ ಶಿವಮೊಗ್ಗ, ಭದ್ರಾವತಿ ಕಡೆಯ ಕಾಡಿನ ಅಂಚುಗಳಲ್ಲಿ ಇಳಿಸಿದ ಕಥೆ ಇಲ್ಲಿನ ಮನೆಮನೆಯದು. ಅವರು ಸ್ವಂತ ರಾಜ್ಯದಲ್ಲೇ ಇದ್ದವರು, ನಾಡಿಗೆ ಬೆಳಕು ಕೊಟ್ಟವರು. ಮನೆ ಕಟ್ಟಿದರು, ಗದ್ದೆ ಮಾಡಿದರು. ಅರವತ್ತು ವರ್ಷದ ಮೇಲೂ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಹೋರಾಟ ಮುಗಿದಿಲ್ಲ. ಕಂದಾಯದವರದು ಒಂದು ಮಾತು, ಅರಣ್ಯ ಇಲಾಖೆಯದು ಇನ್ನೊಂದು. ಮುಳುಗಡೆಯವರ ಮೊಮ್ಮಕ್ಕಳಿಗೆ ಬ್ಯಾಂಕಿನಲ್ಲಿ ಸಾಲ ಸಿಗದಿರುವುದು, ಯಾರದೋ ಜಾಮೀನಿಗೆ ನಿಲ್ಲಲಾಗದಿರುವುದು ಇದೇ ಕಾರಣಕ್ಕೆ. ಅವರಿಗೇ ಸಿಗದಿದ್ದದ್ದು ಪರದೇಶಿಗೆ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರಲೂಬೇಕು. ನಿರಾಶ್ರಿತರಿಗೆ ನಾನು ಕೇಳುತ್ತಿರುವುದು ಜಮೀನಲ್ಲ. ಕಾಯುವ ಅವಧಿಗೆ ಒಂದು ವಿಳಾಸ ಮತ್ತು ಗುರುತಿನ ಪತ್ರ. ಮುಳುಗಡೆಯವರ ಹಕ್ಕುಪತ್ರವನ್ನು ಇದು ಒಂದು ದಿನವೂ ತಡಮಾಡುವುದಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಇಂಥದ್ದೊಂದನ್ನು ಸಣ್ಣದಾಗಿ ಶುರುಮಾಡುವುದಾದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಬೇರೆಯವರ ಮಗುವನ್ನು ಒಂದು ಮನೆಗೆ ತಾತ್ಕಾಲಿಕ ಪೋಷಣೆಗೆ ಕೊಡುವ ವ್ಯವಸ್ಥೆ 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು, ಯಾರ್ಯಾರು ಇದ್ದಾರೆ, ಆದಾಯವೇನು, ಮಗು ಎಲ್ಲಿ ಮಲಗುತ್ತದೆ ಎಂದು ನೋಡಿ ವರದಿ ಬರೆಯುತ್ತಾರೆ. ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಆಮೇಲೂ ಹೋಗಿ ವಿಚಾರಿಸುತ್ತಾರೆ. ಆ ಪದ್ಧತಿಯಲ್ಲಿ ಕೊರತೆಗಳಿವೆ, ಸಿಬ್ಬಂದಿ ಸಾಲದು. ಆದರೂ ಒಂದು ಮನೆಯನ್ನು ಹೇಗೆ ಪರಿಶೀಲಿಸಬೇಕು ಎಂಬ ಅನುಭವ ಜಿಲ್ಲೆಯಲ್ಲಿದೆ. ಬಂಧನದಲ್ಲಿರುವ ಯಾರಿಗೇ ಆದರೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅದಕ್ಕಾಗಿಯೇ ಇದೆ. ವಿದೇಶಿಯರ ನೋಂದಣಿ ಜಿಲ್ಲಾ ಎಸ್‌ಪಿ ಕಚೇರಿಯಲ್ಲಿ ಆಗುತ್ತದೆ. ಇಲ್ಲದಿರುವುದು ಈ ಮೂರನ್ನೂ ಜೋಡಿಸುವ ಒಂದು ಆದೇಶ.

ಮೊದಲು ಯಾರು? ತಾಯಿ ಮತ್ತು ಮಕ್ಕಳು, ಕಾಯಿಲೆಯವರು, ಶಿಕ್ಷೆ ಮುಗಿಸಿ ಆರು ತಿಂಗಳಾದರೂ ಹೋಗಲು ದೇಶವಿಲ್ಲದವರು. ಹಿಂಸೆಯ ಅಪರಾಧದ ಹಿನ್ನೆಲೆ ಇರುವವರನ್ನು ಯಾರ ಮನೆಗೂ ಕಳಿಸಬೇಕೆಂದು ನಾನು ಹೇಳಲಾರೆ, ಅವರಿಗೆ ಬೇರೆ ದಾರಿ ಬೇಕು. ಜಾಮೀನು ನಿಲ್ಲುವುದು ಒಂದು ಸಂಸ್ಥೆ ಆಗಬೇಕು, ಮಠವೋ ಚರ್ಚೋ ಜಮಾತೋ ಸಹಕಾರ ಸಂಘವೋ. ಪಹಣಿ ಇಲ್ಲದ, ಆದರೆ ಒಂದು ಕೋಣೆ ಮತ್ತು ಒಳ್ಳೆಯ ಹೆಸರು ಇರುವ ಮನೆಯವರಿಗೂ ಆಗ ಬಾಗಿಲು ತೆರೆಯಲು ಬರುತ್ತದೆ. ಇರಿಸಿಕೊಂಡ ಮನೆಯವರ ತೋಟದಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಆ ವ್ಯಕ್ತಿಯನ್ನು ಕೂಲಿಗೆ ಹಚ್ಚುವಂತಿಲ್ಲ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು, ಹೊರಗೆ ದುಡಿಯಲು ಅನುಮತಿಯನ್ನೂ ಕೊಡಬೇಕು. ಗುರುತಿನ ಪತ್ರ ಅವರ ಜೇಬಿನಲ್ಲೇ ಇರಬೇಕು. ಠಾಣೆಗೆ ಹಾಜರಿ ಹಾಕಲು ಹೋದಾಗ ಅದನ್ನು ತೋರಿಸುವವರು ಅವರೇ, ಮನೆಯ ಯಜಮಾನರಲ್ಲ. ಹೆಣ್ಣುಮಕ್ಕಳು ಇರುವ ಮನೆಗೆ ತಿಂಗಳಿಗೊಮ್ಮೆ, ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದವರು ಹೋಗಿ, ಮನೆಯವರನ್ನು ಹೊರಗಿರಿಸಿ, ಅವರ ಭಾಷೆ ಬಲ್ಲವರನ್ನು ಫೋನಿನಲ್ಲಾದರೂ ಜೊತೆಗಿಟ್ಟುಕೊಂಡು ಮಾತಾಡಬೇಕು.

ಮನೆಯವರಿಗೂ ಕೇಳುವ ಹಕ್ಕಿದೆ. ಎಷ್ಟು ತಿಂಗಳು? ಖರ್ಚು ಯಾರದು? ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಯಾವ ನಂಬರಿಗೆ ಫೋನು ಮಾಡಲಿ? ಊರಿನವರು ಬಾಗಿಲಿಗೆ ಬಂದು ಗಲಾಟೆ ಮಾಡಿದರೆ ಯಾರು ನಿಲ್ಲುತ್ತಾರೆ? ಕೊನೆಯ ಪ್ರಶ್ನೆ ಸಣ್ಣದಲ್ಲ. ಒಂದು ವದಂತಿಗೆ ಊರು ಬಿಸಿಯಾಗುವುದನ್ನು ಶಿವಮೊಗ್ಗ ನಗರ ಕಂಡಿದೆ. ಧರ್ಮ ನೋಡಿ ಆಶ್ರಯ ಕೊಡಬೇಕೆನ್ನುವವರು, ನೋಡಿ ಕೊಡಬಾರದೆನ್ನುವವರು ಇಬ್ಬರೂ ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ಮನೆಯವರ ವಿಳಾಸ ಗೋಪ್ಯವಾಗಿರಬೇಕು, ಜಿಲ್ಲಾಧಿಕಾರಿಯ ಸಹಿ ಇರುವ ಪತ್ರ ಅವರ ಕೈಯಲ್ಲಿರಬೇಕು. ಖರ್ಚಿಗೆ ಬಂಧನ ಕೇಂದ್ರದಲ್ಲಿ ತಲೆಗೆ ತಗಲುವ ಹಣದ ಒಂದು ಪಾಲನ್ನೇ ನೇರವಾಗಿ ಕೊಡಬಹುದು.

ಅವಧಿ ಆರು ತಿಂಗಳು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ವೀಸಾದ ತೀರ್ಮಾನವೂ ಆಗದೆ, ಕಳಿಸಲೂ ಆಗದೆ ಉಳಿದರೆ ಏನು ಮಾಡಬೇಕೆಂದು ಮೊದಲೇ ಬರೆದಿರಬೇಕು: ಎರಡನೆಯ ಮನೆಗೆ, ಇಲ್ಲವೇ ಅದೇ ಜಾಮೀನಿನ ಮೇಲೆ ಪೇಟೆಯಲ್ಲಿ ಬಾಡಿಗೆ ಕೋಣೆಗೆ. ಷರತ್ತು ಮುರಿದರು ಎಂದು ಮ್ಯಾಜಿಸ್ಟ್ರೇಟರು ಕಾರಣ ಬರೆದು ಹೇಳದ ಹೊರತು ಯಾರನ್ನೂ ಮತ್ತೆ ಬಂಧನ ಕೇಂದ್ರಕ್ಕೆ ಒಯ್ಯಬಾರದು. ಮನೆಯವರಿಗೆ ಬೇಸರ ಬಂತು ಎಂಬುದು ಅಂಥ ಕಾರಣ ಅಲ್ಲ. ಈ ಒಂದು ಸಾಲು ಆದೇಶದಲ್ಲಿ ಇಲ್ಲದಿದ್ದರೆ, ನಮ್ಮೂರಿನ ಯಾವ ಮನೆಯವರಿಗೂ ಒಪ್ಪಿಕೊಳ್ಳಿ ಎಂದು ನಾನು ಹೇಳುವುದಿಲ್ಲ.